ಜಾಗ ಒಂದು, ಎತ್ತರದ ಹುಡುಗರು ಮೂವರು

ಒಂದೇ ತಂಡ, ಆಡುವ ಜಾಗವೂ ಒಂದೇ. ಆ ಜಾಗಕ್ಕೆ ಮೂವರು ಹುಡುಗರು, ಮೂವರೂ ಹೆಚ್ಚುಕಡಿಮೆ ಏಳಡಿ. ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಬಿಡಬೇಕು? ಅಮೆರಿಕದ ಬಾಸ್ಕೆಟ್‌ಬಾಲ್ ತಂಡ ಫಿಲಡೆಲ್ಫಿಯಾ ಸೆವೆಂಟಿ ಸಿಕ್ಸರ್ಸ್ ಕೆಲವು ವರ್ಷ ಈ ಪ್ರಶ್ನೆಯನ್ನು ಮಡಿಲಲ್ಲಿ ಕಟ್ಟಿಕೊಂಡೇ ಆಡಿತು. ಈ ಆಟ ನೋಡದವರೂ ಇದನ್ನು ಓದಲಿ ಎಂಬುದು ನಮ್ಮ ಆಸೆ. ಬೆಳೆಯುವ ಹುಡುಗರನ್ನು ಯಾವುದರಿಂದ ಅಳೆಯಬೇಕು ಎಂಬ ಮಾತು ಇದರಲ್ಲಿದೆ.

ಮೊದಲು ಆಟದ ವಿಷಯ. ರಿಂಗ್ ನೆಲದಿಂದ 10 ಅಡಿ ಎತ್ತರದಲ್ಲಿರುತ್ತದೆ. ಒಂದು ತಂಡದಿಂದ ಐವರು ಆಡುತ್ತಾರೆ. ರಿಂಗ್ ಪಕ್ಕ ನಿಂತು ಕಾಯುವ, ಹತ್ತಿರದಿಂದ ಚೆಂಡು ಹಾಕುವ ಎತ್ತರದ ಆಟಗಾರನೇ ಸೆಂಟರ್. ಸಾಮಾನ್ಯವಾಗಿ ತಂಡಕ್ಕೆ ಅಂಥ ಒಬ್ಬ ಸಾಕು. ಹೊಸ ಹುಡುಗರನ್ನು ಎನ್‌ಬಿಎ ತಂಡಗಳು ವರ್ಷಕ್ಕೊಮ್ಮೆ ಡ್ರಾಫ್ಟ್‌ನಲ್ಲಿ ಸರದಿಯಂತೆ ಆರಿಸಿಕೊಳ್ಳುತ್ತವೆ. ಹೆಚ್ಚು ಸೋತ ತಂಡಕ್ಕೆ ಮುಂದಿನ ಸರದಿ ಸಿಗುವ ಸಾಧ್ಯತೆ ಹೆಚ್ಚು.

2013ರಲ್ಲಿ ಸಿಕ್ಸರ್ಸ್ ತಂಡದ ಹೊಣೆ ಹೊತ್ತ ಸ್ಯಾಮ್ ಹಿಂಕಿ ಈ ನಿಯಮವನ್ನೇ ದಾರಿ ಮಾಡಿಕೊಂಡರು. ಈಗ ಸೋಲೋಣ, ಒಳ್ಳೆಯ ಹುಡುಗರನ್ನು ಕೂಡಿಹಾಕೋಣ, ಆಮೇಲೆ ಗೆಲ್ಲೋಣ ಎಂಬುದು ಲೆಕ್ಕಾಚಾರ. ವರ್ಷಕ್ಕೆ 82 ಪಂದ್ಯ. ಮೊದಲ ವರ್ಷ 19 ಗೆಲುವು, ಎರಡನೇ ವರ್ಷ 18, ಮೂರನೇ ವರ್ಷ ಬರೀ 10.

ಹೀಗೆ ಸೋತು ಗಳಿಸಿದ ಮೂವರು ಇವರು.

ನೆರ್ಲೆನ್ಸ್ ನೋಯೆಲ್, 6 ಅಡಿ 11 ಇಂಚು. 2013ರಲ್ಲಿ ಬಂದರು. ಕಾಲೇಜಿನಲ್ಲೇ ಮಂಡಿಗೆ ಪೆಟ್ಟಾಗಿದ್ದರಿಂದ ಮೊದಲ ವರ್ಷ ಆಡಲೇ ಇಲ್ಲ. ಆಡಲು ಶುರು ಮಾಡಿದ ವರ್ಷ ಪಂದ್ಯಕ್ಕೆ ಸರಾಸರಿ 9.9 ಅಂಕ. ಅವರ ಬೆಲೆ ಇದ್ದದ್ದು ತಡೆಯುವುದರಲ್ಲಿ. ಎದುರಾಳಿ ಎಸೆದ ಚೆಂಡನ್ನು ಗಾಳಿಯಲ್ಲೇ ತಡೆಯುತ್ತಿದ್ದರು, ಕೈಯಿಂದಲೇ ಕಸಿದುಕೊಳ್ಳುತ್ತಿದ್ದರು.

ಜೋಯೆಲ್ ಎಂಬೀಡ್, 7 ಅಡಿ. ಆಫ್ರಿಕಾದ ಕ್ಯಾಮರೂನ್ ದೇಶದ ಹುಡುಗ. ಹದಿನೈದು ದಾಟುವವರೆಗೂ ಅವರ ಆಟ ವಾಲಿಬಾಲ್. 2014ರಲ್ಲಿ ಮೂರನೆಯವರಾಗಿ ಆಯ್ಕೆಯಾದಾಗ ಪಾದದ ಮೂಳೆ ಮುರಿದಿತ್ತು. ಒಂದಲ್ಲ, ಎರಡು ಶಸ್ತ್ರಚಿಕಿತ್ಸೆ. ಎರಡು ವರ್ಷ ಒಂದೂ ಪಂದ್ಯ ಆಡಲಿಲ್ಲ.

ಜಲೀಲ್ ಒಕಾಫೋರ್, 6 ಅಡಿ 11 ಇಂಚು. ಡ್ಯೂಕ್ ವಿಶ್ವವಿದ್ಯಾಲಯ ರಾಷ್ಟ್ರೀಯ ಚಾಂಪಿಯನ್ ಆದ 2015ರಲ್ಲೇ ಇವರೂ ಮೂರನೆಯವರಾಗಿ ಆಯ್ಕೆಯಾದರು. ಮೊದಲ ವರ್ಷವೇ ಸರಾಸರಿ 17.5 ಅಂಕ.

ಈಗ 2016ರ ಬೇಸಿಗೆಯಲ್ಲಿ ನಿಂತು ನೋಡಿ. ಅಂಕಪಟ್ಟಿ ಹಿಡಿದವರಿಗೆ ಒಕಾಫೋರ್ ಮೊದಲು, ನೋಯೆಲ್ ಎರಡನೆಯವರು. ಎಂಬೀಡ್ ಪಟ್ಟಿಯಲ್ಲೇ ಇಲ್ಲ. ಆದರೆ ಆದದ್ದು ಬೇರೆ. ನೋಯೆಲ್‌ರನ್ನು 2017ರ ಫೆಬ್ರುವರಿಯಲ್ಲಿ ಡಲ್ಲಾಸ್‌ಗೆ, ಒಕಾಫೋರ್‌ರನ್ನು ಅದೇ ಡಿಸೆಂಬರಿನಲ್ಲಿ ಬ್ರೂಕ್ಲಿನ್‌ಗೆ ಕಳಿಸಿದರು. ಕೊಟ್ಟಷ್ಟು ಬೆಲೆ ವಾಪಸ್ ಬರಲಿಲ್ಲ. ಎಂಬೀಡ್ 2023ರಲ್ಲಿ ಇಡೀ ಎನ್‌ಬಿಎಯ ವರ್ಷದ ಅತ್ಯುತ್ತಮ ಆಟಗಾರರಾದರು.

ಎಂಬೀಡ್ ಗೆದ್ದದ್ದು ಅದೃಷ್ಟ ಎನ್ನುವವರಿದ್ದಾರೆ. ನಾವು ಒಪ್ಪುವುದಿಲ್ಲ. 2016–17ರಲ್ಲಿ ಅವರು ಆಡಿದ್ದು 31 ಪಂದ್ಯ ಮಾತ್ರ, ಪಂದ್ಯಕ್ಕೆ ಸುಮಾರು 25 ನಿಮಿಷ. ಅಷ್ಟರಲ್ಲೇ ಸರಾಸರಿ 20.2 ಅಂಕ, ಜೊತೆಗೆ 2.5 ಬ್ಲಾಕ್. ಒಕಾಫೋರ್ ಅಂಕ ತರುತ್ತಿದ್ದರು, ಆದರೆ ರಿಂಗ್ ಕಾಯುವುದರಲ್ಲಿ ಹಿಂದೆ. ನೋಯೆಲ್ ಕಾಯುತ್ತಿದ್ದರು, ಆದರೆ ಅಂಕ ತರುವುದರಲ್ಲಿ ಹಿಂದೆ. ಎಂಬೀಡ್ ಎರಡನ್ನೂ ಮಾಡಿದರು. ಮೂರು ಅಂಕದ ಗೆರೆಯಾಚೆಯಿಂದಲೂ ಎಸೆದರು.

ಈ ಕೊನೆಯ ಮಾತು ಮುಖ್ಯ. ಆ ವರ್ಷಗಳಲ್ಲಿ ಆಟವೇ ಬದಲಾಗುತ್ತಿತ್ತು. ಸಿಕ್ಸರ್ಸ್ 10 ಪಂದ್ಯ ಗೆದ್ದ ವರ್ಷವೇ ಗೋಲ್ಡನ್ ಸ್ಟೇಟ್ ತಂಡ ದೂರದ ಎಸೆತ ನಂಬಿ 73 ಗೆದ್ದಿತು. ರಿಂಗ್‌ಗೆ ಬೆನ್ನು ಮಾಡಿ ನಿಂತು, ಚೆಂಡು ಕೇಳಿ ಪಡೆದು ಹಾಕುವ ಒಕಾಫೋರ್ ಆಟ ಇಪ್ಪತ್ತು ವರ್ಷ ಮೊದಲಾಗಿದ್ದರೆ ಬಂಗಾರ. ಸಂತೆ ಬದಲಾದಾಗ ಒಳ್ಳೆಯ ಸರಕಿಗೂ ಗಿರಾಕಿ ಇರುವುದಿಲ್ಲ.

ಹಾಗೆಂದು ಆ ಇಬ್ಬರನ್ನು ಸೋತವರು ಎಂದು ಬರೆದುಬಿಡುವುದು ಅನ್ಯಾಯ. ತಪ್ಪಿನ ದೊಡ್ಡ ಪಾಲು ತಂಡದ್ದು. ಒಂದೇ ಕಣಕ್ಕೆ ಮೂರು ಮೇಟಿ ನೆಟ್ಟರೆ ಎತ್ತು ಯಾವುದನ್ನು ಸುತ್ತಬೇಕು? ನೋಯೆಲ್, ಒಕಾಫೋರ್ ಇಬ್ಬರನ್ನೂ ಒಟ್ಟಿಗೆ ಇಳಿಸಿದಾಗ ರಿಂಗ್ ಪಕ್ಕ ಜನಸಂದಣಿ, ಉಳಿದವರಿಗೆ ಜಾಗವಿಲ್ಲ. ಅನುಭವಿ ಆಟಗಾರರು ವಿರಳವಾಗಿದ್ದ, ದಿನಾ ಸೋಲುವ ತಂಡದಲ್ಲಿ ಇಪ್ಪತ್ತರ ಹುಡುಗ ಕಲಿಯುವುದು ಯಾರಿಂದ? ಸೋಲನ್ನೇ ಯೋಜನೆ ಮಾಡಿಕೊಂಡವರು ಹುಡುಗರನ್ನು ಬೆಳೆಸಲಿಲ್ಲ, ಕೂಡಿಟ್ಟರು. ಲೀಗ್ ಕೂಡ 2019ರ ಡ್ರಾಫ್ಟ್‌ನಿಂದ ನಿಯಮ ಬದಲಿಸಿತು. ಮೊದಲ ಸರದಿ ಸಿಗುವ ಸಾಧ್ಯತೆ ಅತಿ ಹೆಚ್ಚು ಸೋತ ತಂಡಕ್ಕೆ ನೂರಕ್ಕೆ 25 ಇದ್ದದ್ದು 14ಕ್ಕೆ ಇಳಿಯಿತು. ಆ ಯೋಜನೆಯ ಫಲವಾದರೂ ಏನು? ಎಂಬೀಡ್ ಇದ್ದೂ 2024ರವರೆಗೆ ತಂಡ ಪ್ಲೇಆಫ್‌ನ ಎರಡನೇ ಸುತ್ತು ದಾಟಲಿಲ್ಲ.

ಒಕಾಫೋರ್ ಆಯ್ಕೆಯಾದ 2015ರ ಡ್ರಾಫ್ಟ್‌ನಲ್ಲೇ ನಮ್ಮ ದೇಶದ ಹುಡುಗನೊಬ್ಬನ ಹೆಸರೂ ಬಂತು. ಪಂಜಾಬಿನ ಬಲ್ಲೋ ಕೆ ಎಂಬ ಹಳ್ಳಿಯ ಸತ್ನಾಮ್ ಸಿಂಗ್, 7 ಅಡಿ 2 ಇಂಚು. ಡಲ್ಲಾಸ್ ತಂಡ 52ನೆಯವರಾಗಿ ಆರಿಸಿತು. ಭಾರತದಲ್ಲಿ ಹುಟ್ಟಿ ಡ್ರಾಫ್ಟ್ ಆದ ಮೊದಲಿಗರು ಅವರು. ಆದರೆ ಎನ್‌ಬಿಎ ಪಂದ್ಯವೊಂದನ್ನೂ ಆಡಲಾಗಲಿಲ್ಲ. ಎತ್ತರ ಬಾಗಿಲು ತೆಗೆಸುತ್ತದೆ, ಒಳಗೆ ಕೂರಿಸುವುದಿಲ್ಲ.

ಹಾಗಾಗಿ ಎತ್ತರದ ಹುಡುಗರನ್ನು ಹೋಲಿಸುವಾಗ ನಾವು ಮೂರು ಪ್ರಶ್ನೆ ಕೇಳುತ್ತೇವೆ. ಚೆಂಡು ಕೈಯಲ್ಲಿಲ್ಲದಾಗ ಇವನು ಏನು ಮಾಡುತ್ತಾನೆ? ಉಳಿದ ನಾಲ್ವರ ಆಟ ಇವನಿಂದ ಸುಲಭವಾಗುತ್ತದೆಯೋ, ಕಷ್ಟವಾಗುತ್ತದೆಯೋ? ಪೆಟ್ಟಾದಾಗ ಕಾಯುವ ತಾಳ್ಮೆ ಇವನನ್ನು ಆರಿಸಿದವರಿಗೆ ಇದೆಯೇ? ಅಂಕ ಎಷ್ಟು ಎಂಬುದು ನಾಲ್ಕನೆಯ ಪ್ರಶ್ನೆ. ಅದನ್ನೇ ಮೊದಲು ಕೇಳಿದ್ದರೆ ಎಂಬೀಡ್‌ರನ್ನು 2016ರಲ್ಲೇ ಯಾರೋ ಕಳಿಸಿಬಿಡುತ್ತಿದ್ದರು.