ನೂರು ಮಂದಿಯ ಹೊಡೆದಾಟ, ಇಬ್ಬರ ಹೊಡೆದಾಟ

2014ರ ‘ಜಾನ್ ವಿಕ್’ ಚಿತ್ರದಲ್ಲಿ ಮಾಫಿಯಾ ದೊರೆಯೊಬ್ಬ, ನಾಯಕ ಹಿಂದೊಮ್ಮೆ ಬಾರಿನಲ್ಲಿ ಮೂವರನ್ನು ಬರೀ ಪೆನ್ಸಿಲಿನಿಂದ ಕೊಂದ ಕಥೆಯನ್ನು ತನ್ನ ಮಗನಿಗೆ ಹೇಳುತ್ತಾನೆ. ಆ ದೃಶ್ಯವನ್ನು ಚಿತ್ರ ತೋರಿಸುವುದೇ ಇಲ್ಲ. 2017ರ ಎರಡನೇ ಭಾಗದಲ್ಲಿ ಪೆನ್ಸಿಲು ತೆರೆಗೇ ಬಂತು. ಕೈಚಳಕ ಸೊಗಸಾಗಿತ್ತು, ಆದರೆ ಬರೀ ಮಾತು ಕೇಳಿ ಹುಟ್ಟಿದ್ದ ಹೆದರಿಕೆ ಅಲ್ಲಿರಲಿಲ್ಲ. ಮೊದಲ ಸಲ ಮೈ ಜುಮ್ಮೆನ್ನಿಸಿದ ಹೊಡೆದಾಟ ಮೂರನೇ, ನಾಲ್ಕನೇ ಭಾಗದಲ್ಲೂ ಹಾಗೆಯೇ ಉಳಿಯಬಲ್ಲದೆ?

ಉಳಿಯಬಲ್ಲದು. ಆದರೆ ಚಿತ್ರೋದ್ಯಮ ಸಾಮಾನ್ಯವಾಗಿ ಹಿಡಿಯುವ ದಾರಿಯಲ್ಲಿ ಅಲ್ಲ. ಮೊದಲ ಭಾಗ ಗೆದ್ದು ದುಡ್ಡು ಬಂದರೆ ಏಟು ತಿನ್ನುವವರ ಸಂಖ್ಯೆಯೂ ಏರಬೇಕು ಎಂಬುದು ಅಲ್ಲಿನ ಲೆಕ್ಕ. ‘ದಿ ಮೇಟ್ರಿಕ್ಸ್’ (1999) ಚಿತ್ರದ ಸುರಂಗ ರೈಲು ನಿಲ್ದಾಣದಲ್ಲಿ ನಾಯಕ ನಿಯೋ ಓಡಿಹೋಗದೆ ಖಳ ಏಜೆಂಟ್ ಸ್ಮಿತ್‌ಗೆ ಎದುರಾಗಿ ನಿಲ್ಲುತ್ತಾನೆ. ಹಾಗೆ ನಿಂತು ಬದುಕಿದವರು ಅದುವರೆಗೆ ಯಾರೂ ಇಲ್ಲ; ಆದ್ದರಿಂದ ಒಂದೊಂದು ಏಟೂ ನಮಗೆ ತಾಗುತ್ತದೆ. ‘ಮೇಟ್ರಿಕ್ಸ್ ರೀಲೋಡೆಡ್’ (2003) ಅದೇ ನಿಯೋನ ಮೇಲೆ ಸ್ಮಿತ್‌ಗಳ ದಂಡನ್ನೇ ಬಿಟ್ಟಿತು. ಎರಡಕ್ಕೂ ಹೊಡೆದಾಟ ಕಟ್ಟಿದವರು ಹಾಂಗ್‌ಕಾಂಗಿನ ಯುಯೆನ್ ವೂ-ಪಿಂಗ್. ಅವರ ವಿದ್ಯೆ ನಾಲ್ಕು ವರ್ಷದಲ್ಲಿ ಮುಕ್ಕಾಗಿರಲಿಲ್ಲ. ಕೊರತೆ ಬೇರೆಯದು: ಹೊಡೆದಾಟದ ಕೊನೆಗೆ ನಿಯೋ ಸುಮ್ಮನೆ ಹಾರಿಹೋಗುತ್ತಾನೆ. ಬೇಕೆಂದಾಗ ಹಾರಬಲ್ಲವನಿಗೆ ಎದುರಾಳಿಗಳು ನೂರಿದ್ದರೇನು, ಸಾವಿರವಿದ್ದರೇನು?

ಇಂಡೊನೇಷ್ಯಾದ ‘ದಿ ರೇಡ್’ ಇದಕ್ಕೆ ಸರಿಯಾದ ಉತ್ತರ ಕೊಟ್ಟಿದೆ. ಗ್ಯಾರೆತ್ ಇವಾನ್ಸ್ ನಿರ್ದೇಶಿಸಿದ ಮೊದಲ ಚಿತ್ರ (2011) ಹೆಚ್ಚುಕಡಿಮೆ ಪೂರ್ತಿ ಜಕಾರ್ತಾದ ಒಂದೇ ಕಟ್ಟಡದೊಳಗೆ ನಡೆಯುತ್ತದೆ. ಎರಡನೆಯದರಲ್ಲಿ (2014) ಕಥೆ ಊರಿಡೀ ಹರಡಿತು. ಆದರೆ ಇವಾನ್ಸ್ ಇಕ್ಕಟ್ಟನ್ನು ಕೈಬಿಡಲಿಲ್ಲ. ನಾಯಕನನ್ನು ಜೈಲಿನ ಶೌಚಾಲಯದ ಒಂದು ಗೂಡಿನೊಳಗೆ ನಿಲ್ಲಿಸಿ ಹೊರಗಿನಿಂದ ಕೈದಿಗಳಿಂದ ಬಾಗಿಲು ಮುರಿಸಿದರು. ಕೊನೆಗೆ ಬರುವ ಅಡುಗೆಮನೆಯ ಕಾಳಗವಂತೂ ನಾನು ಕಂಡ ಅತ್ಯುತ್ತಮ ಹೊಡೆದಾಟಗಳಲ್ಲಿ ಒಂದು. ಅಲ್ಲಿ ಸೆಣಸುವ ನಾಯಕನಟ ಇಕೋ ಉವೈಸ್ ಮತ್ತು ಸೆಸೆಪ್ ಆರಿಫ್ ರಹಮಾನ್, ಇಬ್ಬರೂ ‘ಪೆಂಚಾಕ್ ಸಿಲಾಟ್’ ಎಂಬ ಕಾಳಗವಿದ್ಯೆ ಕಲಿತವರು. ಸುತ್ತ ಬೆಳ್ಳಗಿನ ಅಡುಗೆಮನೆ, ಎದುರಾಳಿಯ ಕೈಯಲ್ಲಿ ಉಗುರಿನಂತೆ ಬಾಗಿದ ಕೆರಂಬಿಟ್ ಚೂರಿ. ಹೊತ್ತು ಕಳೆದಂತೆ ಇಬ್ಬರ ಉಸಿರೂ ಭಾರವಾಗುತ್ತದೆ, ಒದೆತದ ಎತ್ತರ ಇಳಿಯುತ್ತದೆ. ದಣಿವನ್ನೂ ಪಟ್ಟುಗಳಷ್ಟೇ ಎಚ್ಚರಿಕೆಯಿಂದ ಹೆಣೆದಿದ್ದಾರೆ.

‘ಜಾನ್ ವಿಕ್’ ಸರಣಿಯಲ್ಲಿ ನಾಯಕನಿಗೆ ಬಲ ಕೂಡಿಸುವ, ಇಕ್ಕಟ್ಟು ತಂದೊಡ್ಡುವ ಎರಡೂ ದಾರಿಗಳು ಒಟ್ಟಿಗೇ ಕಾಣುತ್ತವೆ. ನಿರ್ದೇಶಕ ಚಾಡ್ ಸ್ಟಾಹೆಲ್ಸ್ಕಿ ಮೇಟ್ರಿಕ್ಸ್‌ನಲ್ಲಿ ನಾಯಕನಟ ಕಿಯಾನು ರೀವ್ಸ್‌ಗೆ ಡೂಪ್ ಆಗಿದ್ದವರು. ಕ್ಯಾಮೆರಾ ಅಲುಗಾಡಿಸಿ, ಪದೇಪದೇ ಕಟ್ ಮಾಡಿ ನಟನ ಅರೆಬರೆ ಕಲಿಕೆಯನ್ನು ಮುಚ್ಚಿಡುವ ರೂಢಿಯನ್ನು ಬಿಟ್ಟು, ಕೈಕಾಲು ಪೂರ್ತಿ ಕಾಣುವಂತೆ ಉದ್ದುದ್ದ ಶಾಟ್ ಇಟ್ಟರು. ಹಾಗಿದ್ದೂ ಎರಡನೇ ಭಾಗದಲ್ಲಿ ನಾಯಕನಿಗೆ ಗುಂಡು ತಡೆಯುವ ಕೋಟು ಹೊಲಿಸಿಕೊಟ್ಟದ್ದು ತಪ್ಪು ಎಂದೇ ನನ್ನ ಅಭಿಪ್ರಾಯ. ಅಲ್ಲಿಂದ ಮುಂದೆ ಹಿಡಿ, ಕೆಡವು, ತಲೆಗೆ ಗುಂಡಿಡು ಎಂಬ ವರಸೆ ನಮಗೂ ಬಾಯಿಪಾಠವಾಯಿತು.

ಆದರೆ ಮೂರನೇ ಭಾಗದ (2019) ಹಳೆಯ ಆಯುಧಗಳ ಕೋಣೆಯಲ್ಲಿ ಗಾಜಿನ ಪೆಟ್ಟಿಗೆ ಒಡೆದು ಚಾಕು ಎಸೆದಾಡುವಾಗ, ಎಸೆದವೆಲ್ಲ ನಾಟುವುದಿಲ್ಲ. ಕೆಲವು ತಾಗಿ ಕೆಳಗೆ ಬೀಳುತ್ತವೆ. ಆ ಗುರಿತಪ್ಪುವಿಕೆಯಲ್ಲಿ ಜೀವವಿದೆ. ನಾಲ್ಕನೆಯದರಲ್ಲಿ (2023) ಸೂರ್ಯೋದಯದೊಳಗೆ ವಿಕ್ ಪ್ಯಾರಿಸ್ಸಿನ ಸಾಕ್ರೆ-ಕರ್ ಇಗರ್ಜಿಯನ್ನು ಮುಟ್ಟಲೇಬೇಕು. ದಾರಿಯಲ್ಲಿ 222 ಮೆಟ್ಟಿಲು. ಹೊಡೆದಾಡುತ್ತಾ ತುದಿ ತಲುಪುವ ಹೊತ್ತಿಗೆ ಒಂದು ಒದೆತ, ಅಷ್ಟೂ ಮೆಟ್ಟಿಲು ಉರುಳಿ ಮತ್ತೆ ಬುಡಕ್ಕೆ. ಕೋಟು ಗುಂಡನ್ನು ತಡೆದೀತು, ಹತ್ತಿದ ಮೆಟ್ಟಿಲನ್ನು ಮತ್ತೆ ಹತ್ತುವುದನ್ನು ತಪ್ಪಿಸಲಾರದು.

ಹೊಸ ಪಟ್ಟುಗಳಿಗಿಂತ ಹೊಸ ಕಟ್ಟುಪಾಡು ಮುಖ್ಯ ಎನ್ನಲು ಜಾಕಿ ಚಾನ್ ಸಾಕ್ಷಿ. 1978ರ ‘ಡ್ರಂಕನ್ ಮಾಸ್ಟರ್’ನಲ್ಲಿ ಕುಡಿದು ತೂರಾಡುವ ವರಸೆ ಒಂದು ಮೋಜಿನ ವಿದ್ಯೆ. 1994ರ ಎರಡನೇ ಭಾಗದ ಹೊತ್ತಿಗೆ ಚಾನ್‌ಗೆ ಹತ್ತಿರ ಹತ್ತಿರ ನಲವತ್ತು. ಅದೇ ವಿದ್ಯೆಗೆ ಈಗ ತಂದೆಯ ನಿಷೇಧವಿದೆ. ಕೊನೆಯ ಕಾಳಗದಲ್ಲಿ ಕಾರ್ಖಾನೆಯ ಮದ್ಯಸಾರ ಕುಡಿಯಬೇಕಾಗಿ ಬಂದಾಗ, ಕೆಂಡದ ಮೇಲೆ ಬಿದ್ದು ತೆವಳಿದಾಗ, ಹದಿನಾರು ವರ್ಷ ಹಳೆಯ ವರಸೆಗೆ ಹೊಸ ಬೆಲೆ ಬರುತ್ತದೆ. ಎರಡನೆಯದೇ ಮೇಲು ಎಂದು ನಾನು ಧಾರಾಳವಾಗಿ ಹೇಳುತ್ತೇನೆ.

ನಮ್ಮ ‘ಕೆಜಿಎಫ್’ನ ಎರಡೂ ಭಾಗಗಳಿಗೆ ಸಾಹಸ ನಿರ್ದೇಶನದ ರಾಷ್ಟ್ರಪ್ರಶಸ್ತಿ ಬಂದಿದೆ, ಎರಡರಲ್ಲೂ ಅನ್ಬರಿವ್ ಸೋದರರ ಕೈಯಿದೆ. ಮೊದಲನೆಯದರ (2018) ಗಣಿಯಲ್ಲಿ ನಾಯಕ ರಾಕಿ ಗುಲಾಮರ ನಡುವೆ ತಾನ್ಯಾರೆಂದು ತೋರಗೊಡದೆ ಇರಬೇಕಾದವನು. ಕುರುಡ ಮುದುಕನಿಗಾಗಿ ಅವನು ಕೈಯೆತ್ತುವಾಗ, ಅಷ್ಟು ಹೊತ್ತು ತಡೆದಿಟ್ಟ ಸಿಟ್ಟಿಗೆ ಬೆಲೆ ಬರುತ್ತದೆ. ಎರಡನೆಯದರಲ್ಲಿ (2022) ‘ದೊಡ್ಡಮ್ಮ’ ಎಂಬ ಭಾರಿ ಬಂದೂಕು ಪೊಲೀಸ್ ಠಾಣೆಯನ್ನೇ ಪುಡಿಮಾಡುತ್ತದೆ. ಸದ್ದು, ಬೆಂಕಿ, ಬಿಸಿಯಾದ ನಳಿಗೆಯಿಂದ ಹಚ್ಚಿದ ಸಿಗರೇಟು ಎಲ್ಲ ಇದೆ. ತಿರುಗಿ ಹೊಡೆಯುವವರು ಮಾತ್ರ ಯಾರೂ ಇಲ್ಲ. ಮೂರನೇ ಭಾಗದ ಸುಳಿವನ್ನು ಚಿತ್ರವೇ ಕೊಟ್ಟು ಮುಗಿಸಿದೆ. ಅದು ಬರುವುದಾದರೆ ಇನ್ನೂ ದೊಡ್ಡ ಬಂದೂಕು ಬೇಡ. ರಾಕಿಗೆ ಒಂದು ಕೈ ಊನವಾಗಿರಲಿ, ಜಾಗ ಕಿರಿದಾಗಿರಲಿ, ಎದುರಿಗೆ ಅವನಿಗಿಂತ ಚೆನ್ನಾಗಿ ಹೊಡೆಯಬಲ್ಲ ಒಬ್ಬನೇ ಒಬ್ಬನಿರಲಿ.