ಲ್ಯಾಮಿಂಗ್ಟನ್ ರಸ್ತೆಯ ಬೆಲೆಯೇರಿಕೆಯೂ ಮಕ್ಕಳ ಗಣಕಯಂತ್ರವೂ

ಮಕ್ಕಳ ಆಟದ ಗಣಕಯಂತ್ರಕ್ಕೆ ಬಿಡಿಭಾಗ ಕೊಳ್ಳುವ ಮಾತು ದಿನಪತ್ರಿಕೆಯ ಪರಾಮರ್ಶೆಗೆ ತಕ್ಕ ವಿಷಯವೇ ಎಂದು ಕೆಲವು ವಾಚಕರಿಗೆ ಅನಿಸಬಹುದು. ಆದರೆ ಮೀರಾ ರೋಡಿನಿಂದಲೋ ಡೊಂಬಿವಲಿಯಿಂದಲೋ ರೈಲು ಹಿಡಿದು, ಇಪ್ಪತ್ತು ಇಪ್ಪತ್ತೈದು ಸಾವಿರ ರೂಪಾಯಿಗಳನ್ನು ಕಿಸೆಯಲ್ಲಿಟ್ಟುಕೊಂಡು ಗ್ರಾಂಟ್ ರೋಡಿನ ಲ್ಯಾಮಿಂಗ್ಟನ್ ರಸ್ತೆಗೆ ಹೋಗಿ, ಅಂಗಡಿಯವನು ಹೇಳಿದ ಬೆಲೆ ಕೇಳಿ ಅವಾಕ್ಕಾಗಿ ಹಿಂದಿರುಗಿದ ಗೃಹಸ್ಥರಿಗೆ ಇದು ಸಣ್ಣ ವಿಷಯವಲ್ಲ. ೨೦೨೫ನೆಯ ಇಸವಿಯ ಆರಂಭದಲ್ಲಿ ಎಂಟು ಜಿಬಿಯ ಒಂದು ಡಿಡಿಆರ್-ನಾಲ್ಕು ರ‍್ಯಾಮ್ ಪಟ್ಟಿಯು ಎರಡು ಸಾವಿರ ರೂಪಾಯಿಗಳ ಒಳಗೆ ದೊರೆಯುತ್ತಿತ್ತು. ಅದೇ ವರ್ಷದ ಅಂತ್ಯಕ್ಕೆ ಅದರ ಬೆಲೆ ಎರಡು ಮೂರು ಪಟ್ಟಾಯಿತು. ಡಾ. ದಾದಾಸಾಹೇಬ ಭಡ್ಕಮ್ಕರ್ ಮಾರ್ಗವೆಂದು ಮರುನಾಮಕರಣಗೊಂಡರೂ ಹಳೆಯ ಗವರ್ನರನ ಹೆಸರಿನಿಂದಲೇ ಕರೆಯಲ್ಪಡುವ ಈ ರಸ್ತೆಯ ವರ್ತಕರು ಬೆಲೆಯನ್ನು ಬೆಳಿಗ್ಗೆ ಒಂದು, ಸಂಜೆ ಒಂದು ಹೇಳುತ್ತಾರೆಂದು ಅವರನ್ನು ದೂರುವವರುಂಟು. ಇದರಲ್ಲಿ ವರ್ತಕರ ಕೈವಾಡ ಸ್ವಲ್ಪ, ಲೋಕದ ವಿದ್ಯಮಾನದ ಪಾಲೇ ಬಹಳ.

ಜಗತ್ತಿನ ರ‍್ಯಾಮ್ ಚಿಪ್ಪುಗಳ ಬಹುಭಾಗವನ್ನು ತಯಾರಿಸುವವು ಮೂರೇ ಸಂಸ್ಥೆಗಳು: ದಕ್ಷಿಣ ಕೊರಿಯಾದ ಸ್ಯಾಮ್ಸಂಗ್ ಮತ್ತು ಎಸ್‌ಕೆ ಹೈನಿಕ್ಸ್, ಅಮೆರಿಕದ ಮೈಕ್ರಾನ್. ಕೃತಕ ಬುದ್ಧಿಮತ್ತೆಯ ಯಂತ್ರಗಳಿಗೆ ಬೇಕಾದ ಅತಿವೇಗದ ಸ್ಮೃತಿಚಿಪ್ಪುಗಳಲ್ಲಿ ಇವುಗಳಿಗೆ ಹೆಚ್ಚು ಲಾಭವಿರುವುದರಿಂದ, ಕಾರ್ಖಾನೆಗಳ ಸಾಮರ್ಥ್ಯವೆಲ್ಲ ಆ ಕಡೆಗೆ ವಾಲಿತು. ೨೦೨೫ರ ಅಕ್ಟೋಬರಿನಲ್ಲಿ ಓಪನ್ಎಐ ಸಂಸ್ಥೆಯು ತನ್ನ ‘ಸ್ಟಾರ್‌ಗೇಟ್’ ಯೋಜನೆಗಾಗಿ ತಿಂಗಳಿಗೆ ಒಂಬತ್ತು ಲಕ್ಷ ಸಿಲಿಕಾನ್ ಬಿಲ್ಲೆಗಳವರೆಗಿನ ಪೂರೈಕೆಯ ಬಗ್ಗೆ ಕೊರಿಯಾದ ಎರಡು ಸಂಸ್ಥೆಗಳೊಡನೆ ಇಂಗಿತಪತ್ರಗಳಿಗೆ ಸಹಿಹಾಕಿತು. ಡಿಸೆಂಬರ್ ೩ರಂದು ಮೈಕ್ರಾನ್, ಗೃಹಬಳಕೆಯ ಗಿರಾಕಿಗಳಿಗಾಗಿ ನಡೆಸುತ್ತಿದ್ದ ‘ಕ್ರೂಷಿಯಲ್’ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಪ್ರಕಟಿಸಿತು. ಹಳೆಯ ಡಿಡಿಆರ್-ನಾಲ್ಕರ ಉತ್ಪಾದನೆಯನ್ನು ಕ್ರಮೇಣ ಮುಗಿಸುವ ನಿರ್ಧಾರ ಅದಕ್ಕೂ ಮೊದಲೇ ಆಗಿತ್ತು. ಹೀಗಾಗಿ ಹೊಸತೂ ತುಟ್ಟಿ, ಹಳೆಯದೂ ತುಟ್ಟಿ. ಠಾಣೆಯಿಂದ ವಾಶಿಯ ಕಡೆಗೆ ನಿತ್ಯ ಪ್ರಯಾಣಿಸುವ ನಮ್ಮವರು ಐರೋಲಿ, ರಬಾಳೆಗಳಲ್ಲಿ ಎದ್ದುನಿಂತಿರುವ ದತ್ತಾಂಶ ಕೇಂದ್ರಗಳ ಕಿಟಕಿಯಿಲ್ಲದ ಗೋಡೆಗಳನ್ನು ನೋಡಿರಬಹುದು. ಪ್ರಪಂಚದಾದ್ಯಂತ ಇಂಥ ಭವನಗಳು ನುಂಗುತ್ತಿರುವ ಚಿಪ್ಪಿಗೂ ಚಾಳಿನ ಕೋಣೆಯೊಂದರ ಮೂಲೆಯಲ್ಲಿ ಕುಳಿತ ಹುಡುಗನ ಯಂತ್ರಕ್ಕೆ ಬೇಕಾದ ಚಿಪ್ಪಿಗೂ ಮೂಲ ಒಂದೇ. ಈ ಪೈಪೋಟಿಯಲ್ಲಿ ಹುಡುಗನು ಗೆಲ್ಲುವುದು ಅಸಂಭವ.

ಇದರ ಮೇಲೆ ರೂಪಾಯಿಯ ಇಳಿತ. ೨೦೨೫ರ ಡಿಸೆಂಬರಿನಲ್ಲಿ ಡಾಲರಿಗೆ ತೊಂಬತ್ತು ರೂಪಾಯಿಗಳ ಗಡಿ ದಾಟಿತು. ಅದೇ ವರ್ಷದ ಸೆಪ್ಟೆಂಬರ್ ೨೨ರಿಂದ ಜಾರಿಗೆ ಬಂದ ಜಿಎಸ್‌ಟಿ ಸುಧಾರಣೆಯಿಂದ ೩೨ ಅಂಗುಲಕ್ಕೆ ಮೀರಿದ ಪರದೆಗಳ ತೆರಿಗೆ ಶೇಕಡ ೨೮ರಿಂದ ೧೮ಕ್ಕೆ ಇಳಿಯಿತೇ ಹೊರತು, ಬಿಡಿಭಾಗಗಳ ಶೇಕಡ ೧೮ ಹಾಗೆಯೇ ಉಳಿಯಿತು. ಇಪ್ಪತ್ತೈದು ಸಾವಿರ ರೂಪಾಯಿಗಳ ಖರೀದಿಯಲ್ಲಿ ಸುಮಾರು ೩,೮೦೦ ರೂಪಾಯಿ ತೆರಿಗೆಯೇ ಎಂಬುದನ್ನು ಗಮನಿಸಬೇಕು. ಗುಜರಾತಿನ ಸಾನಂದದಲ್ಲಿ ಮೈಕ್ರಾನ್ ಸಂಸ್ಥೆಯ ಘಟಕಕ್ಕೆ ೨೦೨೩ರ ಜೂನಿನಲ್ಲಿ ಕೇಂದ್ರದ ಒಪ್ಪಿಗೆ ದೊರೆತಾಗ, ಇನ್ನು ಸ್ವದೇಶಿ ರ‍್ಯಾಮ್ ಅಗ್ಗವಾಗುವುದೆಂದು ಹಿಗ್ಗಿದವರುಂಟು. ಆ ಘಟಕದ ಉದ್ದೇಶ ಜೋಡಣೆ ಮತ್ತು ಪರೀಕ್ಷೆ. ಬಿಲ್ಲೆಯಾದರೋ ಹೊರದೇಶದಿಂದಲೇ ಬರಬೇಕು. ಆ ಆಸೆಯನ್ನು ಈ ಖರೀದಿಯ ಲೆಕ್ಕದಲ್ಲಿ ಹಿಡಿಯುವಂತಿಲ್ಲ.

ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಅಕ್ಷರ ಕಲಿತ ಪೀಳಿಗೆಗೆ, ಆಟಕ್ಕಾಗಿ ಯಂತ್ರ ಕೊಳ್ಳುವುದೇ ಅಪವ್ಯಯವೆನಿಸಿದರೆ ಆಶ್ಚರ್ಯವಿಲ್ಲ. ಹಣ ಪಣಕ್ಕಿಟ್ಟು ಆಡುವ ಜಾಲದ ಆಟಗಳ ಅನರ್ಥವನ್ನು ಕಂಡು, ಎಲ್ಲ ಆಟಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ತಂದೆತಾಯಿಗಳೂ ಇದ್ದಾರೆ. ೨೦೨೫ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಶಾಸನವು ಪಣದ ಆಟಗಳನ್ನು ನಿಷೇಧಿಸಿ, ಇ-ಕ್ರೀಡೆಗೆ ಪ್ರತ್ಯೇಕ ಮಾನ್ಯತೆಯಿತ್ತು ಈ ಭೇದವನ್ನು ಸ್ಪಷ್ಟಪಡಿಸಿದೆ. ಅಲ್ಲದೆ ಹುಡುಗನು ಆಡುವ ಯಂತ್ರದಲ್ಲಿಯೇ ಶಾಲೆಯ ಪಾಠವೂ ಪ್ರೋಗ್ರಾಮಿಂಗ್ ಅಭ್ಯಾಸವೂ ನಡೆಯುತ್ತವೆ. ಎಷ್ಟು ಹೊತ್ತು ಆಡಬೇಕೆಂಬುದು ಮನೆಯೊಳಗಿನ ಪ್ರಶ್ನೆ. ನಮ್ಮ ಪ್ರಸ್ತುತ ವಿಚಾರ ಹಣದ್ದು.

ಮೊದಲು ಮಾಡಬೇಕಾದ ಕೆಲಸಕ್ಕೆ ಕಾಸು ಖರ್ಚಿಲ್ಲ. ಹುಡುಗನು ಆಡುತ್ತಿರುವಾಗಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ‘ಟಾಸ್ಕ್ ಮ್ಯಾನೇಜರ್’ ತೆರೆಯುತ್ತದೆ. ಯಂತ್ರದ ಯಾವ ಅಂಗ ಏದುಸಿರು ಬಿಡುತ್ತಿದೆಯೆಂಬುದು ಅಲ್ಲಿ ಕಾಣುತ್ತದೆ. ರ‍್ಯಾಮ್ ಶೇಕಡ ೯೦ಕ್ಕೆ ಮೀರಿ ತುಂಬಿದ್ದರೆ ಕೊರತೆ ಅಲ್ಲಿಯೇ. ಡಿಸ್ಕ್ ಸದಾ ನೂರು ತೋರಿಸುತ್ತಿದ್ದರೆ ಹಳೆಯ ಹಾರ್ಡ್ ಡಿಸ್ಕೇ ಅಡ್ಡಿ. ಗ್ರಾಫಿಕ್ಸ್ ಕಾರ್ಡು ನೂರರ ಸಮೀಪದಲ್ಲಿದ್ದರೆ ಕಾರ್ಡು ಸಾಲದು. ಕಾರ್ಡು ಅರ್ಧ ಸುಮ್ಮನಿದ್ದು ಪ್ರೊಸೆಸರ್ ಬಳಲುತ್ತಿದ್ದರೆ ಪ್ರೊಸೆಸರ್ ಸಾಲದು. ಇಷ್ಟನ್ನು ನೋಡದೆ ಅಂಗಡಿಗೆ ಹೋದವನು ಅಂಗಡಿಯವನ ಬಳಿ ದಾಸ್ತಾನಿದ್ದುದನ್ನು ಕೊಂಡು ಬರುತ್ತಾನೆ. ಜೊತೆಗೆ ಪರದೆಯನ್ನೂ ವಿಚಾರಿಸಬೇಕು. ಅದು ಸೆಕೆಂಡಿಗೆ ಅರವತ್ತು ಬಾರಿ ಮಾತ್ರ ಚಿತ್ರ ಬದಲಿಸುವಂಥದಾದರೆ, ನೂರಿಪ್ಪತ್ತು ಚಿತ್ರ ಕೊಡುವ ಕಾರ್ಡಿಗೆ ತೆತ್ತ ಹಣದಲ್ಲಿ ಬಹುಪಾಲು ಕಣ್ಣಿಗೆ ಕಾಣುವುದೇ ಇಲ್ಲ.

ನಮ್ಮಲ್ಲಿ ಸಾಮಾನ್ಯವಾಗಿರುವ ಒಂದು ಯಂತ್ರವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ೨೦೧೯ರಲ್ಲಿ ಕೊಂಡದ್ದು, ರೈಝನ್ ಐದು-೨೬೦೦ ಪ್ರೊಸೆಸರ್, ಬಿ-೪೫೦ ಮದರ್‌ಬೋರ್ಡ್, ಎಂಟು ಜಿಬಿಯ ಒಂದೇ ರ‍್ಯಾಮ್ ಪಟ್ಟಿ, ನಾಲ್ಕು ಜಿಬಿಯ ಜಿಟಿಎಕ್ಸ್-೧೬೫೦ ಕಾರ್ಡು, ಹಾರ್ಡ್ ಡಿಸ್ಕು. ಇದನ್ನು ಬಿಸುಟು ಹೊಸ ಪೀಳಿಗೆಯ ಬೋರ್ಡಿಗೆ ಹಾರಬೇಕೆಂದು ಹುಡುಗನ ಸ್ನೇಹಿತರು ಸಲಹೆ ಕೊಡುವರು. ಹೊಸ ಎಎಂ-ಐದು ಬೋರ್ಡಿಗೆ ಡಿಡಿಆರ್-ಐದು ರ‍್ಯಾಮೇ ಬೇಕು. ಅಂದರೆ ಬೋರ್ಡು, ಪ್ರೊಸೆಸರ್, ರ‍್ಯಾಮ್ ಮೂರನ್ನೂ, ಅದೂ ರ‍್ಯಾಮಿನ ಬೆಲೆ ನೆತ್ತಿಗೇರಿದ ಕಾಲದಲ್ಲಿ, ಒಟ್ಟಿಗೆ ಕೊಳ್ಳಬೇಕು. ಇಪ್ಪತ್ತೈದು ಸಾವಿರದಲ್ಲಿ ಹೀಗೆ ಮಾಡಿದರೆ ಕಾರ್ಡಿಗೆ ಹಣವೇ ಉಳಿಯದು. ಇದ್ದ ಬೋರ್ಡಿನಲ್ಲಿಯೇ ನಿಲ್ಲುವುದು ಜಾಣತನವೆಂದು ನಮ್ಮ ಖಚಿತ ಅಭಿಪ್ರಾಯ. ಆ ಬೋರ್ಡಿನ ಬಯೋಸ್ ನವೀಕರಿಸಿದರೆ ೨೦೨೨ರ ರೈಝನ್ ಐದು-೫೬೦೦ ಅದರಲ್ಲಿಯೇ ಕೂರುತ್ತದೆ. ಆದರೆ ಅದು ಎರಡನೆಯ ಹೆಜ್ಜೆ. ಮುಂದಿನ ವರ್ಷಕ್ಕೆ ತಳ್ಳಿದರೂ ಬಾಧಕವಿಲ್ಲ.

ಮೊದಲ ಹೆಜ್ಜೆ ಎಸ್‌ಎಸ್‌ಡಿ. ಆಟದ ಚಿತ್ರಗಳ ಸಂಖ್ಯೆ ಇದರಿಂದ ಹೆಚ್ಚದಿದ್ದರೂ ಯಂತ್ರ ಏಳುವ, ಆಟ ತೆರೆಯುವ ಕಾಯುವಿಕೆ ತಪ್ಪುತ್ತದೆ, ಪಾಠಕ್ಕೂ ಪ್ರಯೋಜನ. ಅನಂತರ ಇದ್ದ ಎಂಟು ಜಿಬಿಗೆ ಅದೇ ವೇಗದ ಇನ್ನೊಂದು ಎಂಟು ಜಿಬಿ ಪಟ್ಟಿ. ಎರಡು ಪಟ್ಟಿಗಳು ಜೋಡಿಯಾದಾಗ ಪ್ರೊಸೆಸರಿಗೆ ಎರಡು ದಾರಿಗಳಿಂದ ಮಾಹಿತಿ ಬರುತ್ತದೆ. ಹದಿನಾರು ಜಿಬಿಯ ಒಂಟಿ ಪಟ್ಟಿಗಿಂತ ಇದು ಮೇಲು, ಖರ್ಚೂ ಕಡಿಮೆ. ಮೂವತ್ತೆರಡು ಜಿಬಿ ಬೇಕೆಂಬ ಹಟಕ್ಕೆ ಈ ಕಾಲದಲ್ಲಿ ಮಣಿಯಬೇಕಾಗಿಲ್ಲ.

ಕಾರ್ಡಿನ ವಿಷಯದಲ್ಲಿ ಮೋಸಹೋಗುವುದು ಬಲು ಸುಲಭ. ಹೆಸರಿನಲ್ಲಿ ಅಂಕೆ ದೊಡ್ಡದಾದ ಮಾತ್ರಕ್ಕೆ ಕಾರ್ಡು ದೊಡ್ಡದಾಗದು. ಆರ್‌ಎಕ್ಸ್-೬೫೦೦ಎಕ್ಸ್‌ಟಿ ಎಂಬ ಅಗ್ಗದ ಕಾರ್ಡು ಬೋರ್ಡಿನೊಡನೆ ನಾಲ್ಕೇ ಹಾದಿಗಳಲ್ಲಿ ಮಾತನಾಡುತ್ತದೆ. ಬಿ-೪೫೦ರಂಥ ಮೂರನೆಯ ಪೀಳಿಗೆಯ ಪಿಸಿಐ ಬೋರ್ಡಿನಲ್ಲಿ ಆ ಹಾದಿಗಳ ವೇಗವೂ ಅರ್ಧವಾಗಿ, ನಾಲ್ಕು ಜಿಬಿ ಸ್ಮೃತಿ ಬೇಗ ತುಂಬಿ, ಆಟ ತಡವರಿಸುತ್ತದೆ. ೨೦೨೧ರ ಆರ್‌ಎಕ್ಸ್-೬೬೦೦ಕ್ಕೆ ಎಂಟು ಹಾದಿ, ಎಂಟು ಜಿಬಿ. ಹಳತಾದರೂ ಈ ಯಂತ್ರಕ್ಕೆ ಒಪ್ಪುವ ಜೋಡಿ ಅದು. ಅದಕ್ಕೆ ಎಸ್‌ಎಂಪಿಎಸ್‌ನಿಂದ ಪ್ರತ್ಯೇಕ ತಂತಿ ಬೇಕು. ಸುಮಾರು ೧೩೨ ವ್ಯಾಟ್ ವಿದ್ಯುತ್ತನ್ನು ಎಳೆಯುತ್ತದೆ. ೨೦೨೪ರಲ್ಲಿ ಬಂದ ಆರು ಜಿಬಿಯ ಆರ್‌ಟಿಎಕ್ಸ್-೩೦೫೦ ಎಪ್ಪತ್ತು ವ್ಯಾಟ್‌ಗಳಲ್ಲಿ, ಬಹುಪಾಲು ಮಾದರಿಗಳಲ್ಲಿ ಬೇರೆ ತಂತಿಯ ಹಂಗಿಲ್ಲದೆ ನಡೆಯುತ್ತದೆ. ಶಕ್ತಿಯಲ್ಲಿ ಮಾತ್ರ ಕಡಿಮೆ.

ಇಲ್ಲಿಯೇ ಎಲ್ಲರೂ ಅಲಕ್ಷಿಸುವ ಎಸ್‌ಎಂಪಿಎಸ್‌ನ ಮಾತು ಬರುತ್ತದೆ. ಕ್ಯಾಬಿನೆಟ್ಟಿನೊಡನೆ ಪುಕ್ಕಟೆಯಾಗಿ ಬಂದ ಪೆಟ್ಟಿಗೆಯ ಮೇಲೆ ೪೫೦ ವ್ಯಾಟ್ ಎಂದು ಅಚ್ಚಾಗಿರುತ್ತದೆ. ಅದರ ಪಕ್ಕದ ಚೀಟಿಯಲ್ಲಿ ೧೨ ವೋಲ್ಟಿನ ಸಾಲನ್ನು ಓದಬೇಕು. ಅಲ್ಲಿ ೧೮ ಆಂಪಿಯರ್ ಎಂದಿದ್ದರೆ, ಹನ್ನೆರಡರಿಂದ ಗುಣಿಸಿದಾಗ ಬರುವುದು ೨೧೬ ವ್ಯಾಟ್. ಕಾರ್ಡಿಗೆ ೧೩೨, ಪ್ರೊಸೆಸರಿಗೆ ೬೫ ಕಳೆದರೆ ಫ್ಯಾನು, ಡಿಸ್ಕುಗಳಿಗೆ ಉಳಿಯುವುದು ಹತ್ತೊಂಬತ್ತು. ಇಂಥ ಪೆಟ್ಟಿಗೆ ಸುಟ್ಟರೆ ತಾನೊಂದೇ ಸುಡದೆ ಕಾರ್ಡು, ಬೋರ್ಡುಗಳನ್ನೂ ಜೊತೆಗೆ ಒಯ್ಯಬಹುದು. ಪ್ರಸಿದ್ಧ ಸಂಸ್ಥೆಯೊಂದರ, ‘೮೦ ಪ್ಲಸ್’ ಮುದ್ರೆಯ ೪೫೦ ಅಥವಾ ೫೫೦ ವ್ಯಾಟ್ ಪೆಟ್ಟಿಗೆಗೆ ತೆಗೆದಿಟ್ಟ ಹಣದಿಂದ ಕಾರ್ಡು ಒಂದು ಮೆಟ್ಟಿಲು ಕೆಳಗಿಳಿದರೂ ಚಿಂತೆಯಿಲ್ಲ.

ಕೊಳ್ಳುವ ಮುನ್ನ ಆಟಗಳ ಪಟ್ಟಿಯನ್ನೂ ಹುಡುಗನಿಂದ ಬರೆಸಿಕೊಳ್ಳಬೇಕು. ‘ವ್ಯಾಲೊರಂಟ್’ ಒಂದೇ ಆದರೆ ಹಳೆಯ ೧೬೫೦ ಕಾರ್ಡೇ ಸಾಕು. ವಿಂಡೋಸ್ ಹನ್ನೊಂದರಲ್ಲಿ ಅದು ನಡೆಯಲು ಟಿಪಿಎಂ ಮತ್ತು ಸೆಕ್ಯೂರ್ ಬೂಟ್ ಚಾಲ್ತಿಯಲ್ಲಿರಬೇಕು. ಈ ಬೋರ್ಡಿನಲ್ಲಿ ಅವೆರಡೂ ಉಂಟು. ವಿಂಡೋಸ್ ಹತ್ತಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ ೨೦೨೫ರ ಅಕ್ಟೋಬರ್ ೧೪ಕ್ಕೆ ಮುಗಿಯಿತು. ಇಂಟೆಲ್‌ನ ಎಂಟನೆಯ ಪೀಳಿಗೆಗಿಂತ ಹಿಂದಿನ ಪ್ರೊಸೆಸರುಗಳಿಗೆ, ಕೆಲವು ಅಪವಾದಗಳ ಹೊರತು, ವಿಂಡೋಸ್ ಹನ್ನೊಂದರ ಅಧಿಕೃತ ಮಾನ್ಯತೆಯಿಲ್ಲ. ಅಂಥ ಯಂತ್ರಕ್ಕೆ ದೊಡ್ಡ ಮೊತ್ತದ ಕಾರ್ಡು ಹಾಕುವ ಮುನ್ನ ಎರಡು ಬಾರಿ ಯೋಚಿಸಬೇಕು. ‘ಜಿಟಿಎ-ಆರು’ ಆಟಕ್ಕಾಗಿ ಈಗಲೇ ಸಿದ್ಧತೆ ಬೇಕೆಂದು ಹುಡುಗನು ವಾದಿಸಿದರೆ, ೨೦೨೫ರ ನವೆಂಬರಿನ ಪ್ರಕಟಣೆಯಲ್ಲಿ ೨೦೨೬ರ ನವೆಂಬರ್ ೧೯ ಎಂದು ಗೊತ್ತುಪಡಿಸಿದ ದಿನವು ಪ್ಲೇಸ್ಟೇಷನ್ ಮತ್ತು ಎಕ್ಸ್‌ಬಾಕ್ಸುಗಳಿಗೇ ಹೊರತು ಗಣಕಕ್ಕಲ್ಲವೆಂದು ತಿಳಿಸಬಹುದು.

ಪಕ್ಕಾ ಬಿಲ್ಲಿಲ್ಲದೆ ಯಾವುದನ್ನೂ ಕೊಳ್ಳಬಾರದು. ಕಚ್ಚಾ ಚೀಟಿಯಲ್ಲಿ ತೆರಿಗೆ ಉಳಿಯಿತೆಂದು ಸಂತೋಷಪಟ್ಟವನು ಮೂರು ವರ್ಷಗಳ ವಾರಂಟಿಯನ್ನು ಅಂಗಡಿಯ ಮೆಟ್ಟಿಲಲ್ಲೇ ಬಿಟ್ಟು ಬಂದಂತೆ. ಪೆಟ್ಟಿಗೆಯ ಮೇಲಿನ ಕ್ರಮಸಂಖ್ಯೆಯೂ ಬಿಲ್ಲಿನ ಸಂಖ್ಯೆಯೂ ಒಂದೇ ಎಂಬುದನ್ನು ಅಲ್ಲಿಯೇ ನೋಡಿಕೊಳ್ಳಬೇಕು. ದುಬಾಯಿಯಿಂದ ಬರುವ ಬಂಧುಗಳ ಕೈಯಲ್ಲಿ ತರಿಸುವವರು, ಆ ಸಂಸ್ಥೆಯ ವಾರಂಟಿ ಭಾರತದಲ್ಲಿ ನಡೆಯುತ್ತದೆಯೇ ಎಂದು ಮೊದಲು ವಿಚಾರಿಸಲಿ. ಬಳಸಿದ ಕಾರ್ಡುಗಳ ಪೈಕಿ ೨೦೨೦-೨೨ರಲ್ಲಿ ಕ್ರಿಪ್ಟೋ ನಾಣ್ಯಗಳ ಗಣಿಗಾರಿಕೆಯಲ್ಲಿ ಹಗಲಿರುಳು ಬೆಂದವು ಇನ್ನೂ ಕೈಬದಲಾಗುತ್ತಿವೆ. ಅರ್ಧಗಂಟೆ ಆಟ ಓಡಿಸಿ ತೋರಿಸದ ಕಾರ್ಡಿಗೆ ಹಣ ಕೊಡತಕ್ಕದ್ದಲ್ಲ.

ರ‍್ಯಾಮ್ ತುಟ್ಟಿಯಾದುದರಿಂದ ಒಂದು ಅನುಕೂಲವೂ ಉಂಟು. ಮನೆಯ ಕಪಾಟಿನಲ್ಲಿ ಹಳೆಯ ಲ್ಯಾಪ್‌ಟಾಪಿನಿಂದ ಕಳಚಿಟ್ಟ ಡಿಡಿಆರ್-ನಾಲ್ಕು ಪಟ್ಟಿಯಿದ್ದರೆ, ಅದು ಮೇಜಿನ ಯಂತ್ರಕ್ಕೆ ಕೂರದಿದ್ದರೂ ಅಂಗಡಿಯಲ್ಲಿ ಅದಕ್ಕೀಗ ಬೆಲೆಯಿದೆ. ಅದನ್ನೂ ಕಳಚಿದ ೧೬೫೦ ಕಾರ್ಡನ್ನೂ ಒಟ್ಟಿಗೆ ಒಯ್ದು, ಒಂದೇ ಅಂಗಡಿಯವನ ಮಾತಿಗೆ ಒಪ್ಪದೆ ನಾಲ್ಕು ಕಡೆ ಕೇಳಿದರೆ, ಹೊಸ ಎಸ್‌ಎಂಪಿಎಸ್‌ನ ಖರ್ಚಿನ ಬಹುಭಾಗ ಅಲ್ಲಿಯೇ ಹುಟ್ಟೀತು. ಭಾನುವಾರ ಆ ರಸ್ತೆಯ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ. ಶನಿವಾರ ಮಧ್ಯಾಹ್ನಕ್ಕೆ ಮುಂಚೆ ಹೋಗುವುದು ಮೇಲು.