ಬ್ಲಾಕ್ ಡೈರಿ, ಕಂತು 6: ನೋವು ಸೊನ್ನೆ, ಕಾಲೂ ಸೊನ್ನೆ

ಇವತ್ತು ಅಲ್ಟ್ರಾಸೌಂಡ್ ಚಿತ್ರ ಇಲ್ಲ, ಬರೀ ಒಂದು ವಾಕರ್ ಫೋಟೋ. ಬೇಕಂತಲೇ ಹಾಕಿದ್ದೀನಿ.

ಪಿಜಿ ಮೊದಲ ವರ್ಷ. ಸೊಂಟದ ಕೀಲು ಬದಲಾಯಿಸಿಕೊಂಡ ಅಜ್ಜಿಗೆ ನಾನೇ ಫೆಮೊರಲ್ ಬ್ಲಾಕ್ ಕೊಟ್ಟಿದ್ದೆ. ಸಂಜೆ ರೌಂಡ್ಸ್‌ಗೆ ಹೋದ್ರೆ ನೋವಿನ ಸ್ಕೋರ್ ಹತ್ತಕ್ಕೆ ಸೊನ್ನೆ. ಕೇಸ್‌ಶೀಟ್‌ನಲ್ಲಿ ಆ ಸೊನ್ನೆಯನ್ನ ದೊಡ್ಡದಾಗೇ ಬರೆದೆ. ಅರ್ಧ ಗಂಟೆ ಬಿಟ್ಟು ಫಿಸಿಯೋ ಬಂದು ನಿಲ್ಲಿಸಿದ್ರು. ಮಂಡಿ ಮಡಚಿ ಅಜ್ಜಿ ಕುಸಿದ್ರು. ಸಿಸ್ಟರ್ ತೋಳು ಹಿಡಿದಿದ್ದಕ್ಕೆ ನೆಲಕ್ಕೆ ಬೀಳಲಿಲ್ಲ. "ಈ ಕಾಲು ನಂದು ಅಂತ ಅನ್ನಿಸ್ತಾನೇ ಇಲ್ಲ ಕಣಮ್ಮ" ಅಂದ್ರು. ಹೊಸ ಕೀಲು ಹಾಕಿ ಒಂದು ದಿನವೂ ಆಗಿರಲಿಲ್ಲ.

ಫೆಮೊರಲ್ ನರ ಬರೀ ನೋವನ್ನ ಹೊರಲ್ಲ, ಮಂಡಿ ನೆಟ್ಟಗೆ ನಿಲ್ಲಿಸೋ ಕ್ವಾಡ್ರಿಸೆಪ್ಸ್‌ಗೂ ಅದೇ ನರ. ಇದು ನನಗೆ ಗೊತ್ತಿತ್ತು, ಪರೀಕ್ಷೇಲಿ ಬರೆದೂ ಇದ್ದೆ!

ಅದಕ್ಕೇ ನೀವು ಡಿಎಂನಲ್ಲಿ "ಮೇಡಂ, ಹಿಪ್‌ಗೆ ಯಾವ ಬ್ಲಾಕ್ ಬೆಸ್ಟ್?" ಅಂತ ಕೇಳಿದಾಗ ನನಗೆ ಪ್ರಶ್ನೆಯೇ ಸರಿ ಅನ್ನಿಸಲ್ಲ. ಮಲಗಿದ್ದಾಗಿನ ಸ್ಕೋರ್ ನೋಡಿ ಬ್ಲಾಕ್‌ಗೆ ಮಾರ್ಕ್ಸ್ ಕೊಡ್ತಿದ್ದೀವಿ. ಎದ್ದು ಬಾತ್‌ರೂಮಿಗೆ ಹೋಗಿ ಬಂದ್ರಾ ಅನ್ನೋದಕ್ಕೆ ನಮ್ಮ ಚಾರ್ಟ್‌ನಲ್ಲಿ ಕಾಲಮ್ಮೇ ಇಲ್ಲ.

ಈಗ ಎಲ್ಲರ ಬಾಯಲ್ಲೂ ಪೆಂಗ್ ಬ್ಲಾಕ್. 2018ರಲ್ಲಿ ಟೊರಾಂಟೊದವರು ಸೊಂಟ ಮುರಿದ ಐದೇ ಐದು ರೋಗಿಗಳಲ್ಲಿ ವಿವರಿಸಿದ್ದು. ಸೋಆಸ್ ಸ್ನಾಯುರಜ್ಜು ಮತ್ತು ಪ್ಯೂಬಿಕ್ ಮೂಳೆ ಮಧ್ಯೆ ಸುಮಾರು 20 ಮಿ.ಲೀ. ಔಷಧಿ. ಕೀಲಿನ ಮುಂಭಾಗದ ಕ್ಯಾಪ್ಸೂಲ್‌ಗೆ ಹೋಗೋ ಸಣ್ಣ ಕವಲುಗಳು ಮಾತ್ರ ಮರಗಟ್ಟಬೇಕು, ಕಾಲಿನ ಬಲ ಉಳೀಬೇಕು ಅನ್ನೋದು ಲೆಕ್ಕ. ಚಂದದ ಲೆಕ್ಕವೇ. ಆದ್ರೆ "ಬಲ ಹೋಗೋದೇ ಇಲ್ಲ" ಅಂತ ರೀಲ್ಸ್‌ನಲ್ಲಿ ಹೇಳ್ತಾರಲ್ಲ, ಅದನ್ನ ನಂಬಬೇಡಿ. 2021ರಲ್ಲಿ ಚಿಲಿಯಲ್ಲಿ ಹಿಪ್ ರಿಪ್ಲೇಸ್‌ಮೆಂಟ್ ಆದ 40 ಜನರಲ್ಲಿ ಪೆಂಗ್ ಮತ್ತು ಸುಪ್ರಾಇಂಗ್ವೈನಲ್ ಫ್ಯಾಸಿಯಾ ಇಲಿಯಾಕಾ ಎರಡನ್ನೂ ಹೋಲಿಸಿದ್ರು. ಮೂರು ಗಂಟೆಗೆ ಕ್ವಾಡ್ರಿಸೆಪ್ಸ್ ದುರ್ಬಲವಾಗಿದ್ದವರು ಫ್ಯಾಸಿಯಾದಲ್ಲಿ ಶೇ 90, ಪೆಂಗ್‌ನಲ್ಲಿ ಶೇ 45. ಆರು ಗಂಟೆಗೆ 85 ಮತ್ತು 25. ನೋವಿನಲ್ಲಿ, ಮಾರ್ಫಿನ್ ಬಳಕೆಯಲ್ಲಿ ಹೇಳಿಕೊಳ್ಳೋ ವ್ಯತ್ಯಾಸ ಇಲ್ಲ. ಪೆಂಗ್ ಮೇಲು, ಹೌದು. ಆದ್ರೂ ಆರು ಗಂಟೆಗೆ ನಾಲ್ವರಲ್ಲಿ ಒಬ್ಬರ ಕಾಲಲ್ಲಿ ಬಲ ಇಲ್ಲ. ಆ ಒಬ್ಬರು ನಿಮ್ಮ ವಾರ್ಡಿನಲ್ಲಿ ಯಾರು?

ಇನ್ನೊಂದು, ಪೆಂಗ್ ಚರ್ಮವನ್ನ ಮುಟ್ಟಲ್ಲ, ಕೀಲಿನ ಹಿಂಭಾಗವನ್ನೂ ಮುಟ್ಟಲ್ಲ. ಸರ್ಜನ್ ಹಿಂದಿನಿಂದ ಕುಯ್ದಿದ್ರೆ ಅಲ್ಲಿನ ನೋವು ಹಾಗೇ ಇರುತ್ತೆ.

ಫ್ಯಾಸಿಯಾ ಇಲಿಯಾಕಾಗೆ ಬೇರೆ ತಲೆನೋವು. ಅದು ಹರಡೋಕೆ 40 ಮಿ.ಲೀ. ಬೇಕು. ನಮ್ಮ ಅಜ್ಜಿಯಂದಿರ ತೂಕ 50 ಕೆ.ಜಿ. ಇದ್ರೆ ಹೆಚ್ಚು. ರೋಪಿವಕೇನ್ ಕೆ.ಜಿ.ಗೆ 3 ಮಿ.ಗ್ರಾಂ ಅಂದ್ರೆ ಒಟ್ಟು 150. ಶೇ 0.375ರ 40 ಮಿ.ಲೀ.ನಲ್ಲೇ ಅದು ಪೂರ್ತಿ ಮುಗೀತು. ಆಮೇಲೆ ಸರ್ಜನ್ "ನಾನೂ ಸ್ವಲ್ಪ ಸುತ್ತ ಹಾಕ್ತೀನಿ" ಅಂತ ಸಿರಿಂಜ್ ಕೇಳಿದ್ರೆ ಬೇಡ ಅನ್ನೋ ಧೈರ್ಯ ಇದೆಯಾ ನಿಮಗೆ? ಕೇಸ್ ಶುರುವಾಗೋ ಮೊದಲೇ ಮಾತಾಡಿಕೊಳ್ಳಿ.

ಪ್ರಾಸ್ಪೆಕ್ಟ್ ಗುಂಪಿನ 2021ರ ಮಾರ್ಗಸೂಚಿ ಓದಿದ್ರೆ ಬ್ಲಾಕ್ ಪ್ರಿಯರಿಗೆ ಸ್ವಲ್ಪ ನಿರಾಸೆ. ಮೊದಲು ಪ್ಯಾರಾಸಿಟಮಾಲ್, ಎನ್‌ಎಸ್‌ಎಐಡಿ, ಡೆಕ್ಸಾಮೆಥಾಸೋನ್. ಇವು ಕೊಡೋಕಾಗದವರಿಗೆ, ನೋವು ಜಾಸ್ತಿ ಇರಬಹುದಾದವರಿಗೆ ಮುಖ್ಯವಾಗಿ ಫ್ಯಾಸಿಯಾ ಇಲಿಯಾಕಾ ಅಥವಾ ಸರ್ಜನ್ ಹಾಕೋ ಲೋಕಲ್ ಇನ್‌ಫಿಲ್ಟ್ರೇಶನ್. ಫೆಮೊರಲ್, ಲಂಬಾರ್ ಪ್ಲೆಕ್ಸಸ್, ಎಪಿಡ್ಯೂರಲ್ ಬೇಡ ಅಂತಲೇ ಬರೆದಿದ್ದಾರೆ.

ನನ್ನ ಮಟ್ಟಿಗೆ: ಕಿಡ್ನಿ ಚೆನ್ನಾಗಿದ್ರೆ ಮಾತ್ರೆಗಳ ಜೊತೆ ಸರ್ಜನ್‌ನ ಇನ್‌ಫಿಲ್ಟ್ರೇಶನ್, ಅಷ್ಟೇ. ಕಿಡ್ನಿ ಕೆಟ್ಟಿದ್ರೆ ಪೆಂಗ್, ಡೋಸ್ ಹಂಚಿಕೊಂಡು. ಯಾವುದೇ ಕೊಟ್ರೂ ಎಬ್ಬಿಸೋಕೆ ಮುಂಚೆ ಮಲಗಿದ್ದಲ್ಲೇ "ಮಂಡಿ ನೆಟ್ಟಗೆ ಮಾಡಿ, ಕಾಲು ಎತ್ತಿ ನೋಡೋಣ" ಅಂತ ಕೇಳ್ತೀನಿ, ಉತ್ತರವನ್ನ ಸ್ಕೋರ್ ಪಕ್ಕದಲ್ಲೇ ಬರೀತೀನಿ. ಕಾಲಮ್ ಇಲ್ಲ, ಅಂಚಿನಲ್ಲಿ ಬರೀತೀನಿ.

ನಿಮ್ಮಲ್ಲಿ ಬ್ಲಾಕ್ ಆದ ಎಷ್ಟು ಗಂಟೆಗೆ ಫಿಸಿಯೋ ಬರ್ತಾರೆ? ಕಾಮೆಂಟ್ ಮಾಡಿ. ಮುಂದಿನ ಕಂತು: ಸ್ಪೈನಲ್‌ನಲ್ಲಿ ಮಾರ್ಫಿನ್, ಮತ್ತೆ ರಾತ್ರಿಯಿಡೀ ತುರಿಕೆ.